ಮದ್ದೋ ಮತ್ತೋ? – ರೋಗಿಯಾದ ವ್ರತಿಯ ಶಂಕೆಗಳು



ಬೆಳೆಗೆ ಬೇಲಿ ಹೇಗೋ ಶ್ರಾವಕನ ಬಾಳಿಗೆ ವ್ರತವು ಹಾಗೆ. ಬೇಲಿಯನ್ನು ಹಾಕುವುದು ಬೆಳೆಗಾಗಿ. ಬೇಲಿಗಾಗಿ ಯಾರೂ ಬೆಳೆಯನ್ನು ಬಿತ್ತುವುದಿಲ್ಲ. ಆದರೆ ಕತ್ತಲೆಯಲ್ಲಿ ಎತ್ತೊಂದು ಬೇಲಿಯ ಬಳಿ ಬಂದು ನಿಂತಾಗ, ಅದು ಪೈರನ್ನು ಮೇಯಲು ಬಂದುದೋ ಗೊಬ್ಬರದ ಬಂಡಿಯನ್ನು ಎಳೆದು ತಂದುದೋ ತಿಳಿಯದೆ ಹೊಲದ ಒಡೆಯನು ಗಾಬರಿಗೊಳ್ಳುವುದುಂಟು. ಆಗ ಅವನು ಮಾಡತಕ್ಕದ್ದು ಎರಡೇ: ದೀಪವನ್ನು ಹಚ್ಚುವುದು ಮತ್ತು ಹತ್ತಿರ ಹೋಗಿ ನೋಡುವುದು. ನೋಡದೆ ಹೊಡೆದು ಅಟ್ಟುವವನೂ ಕೆಡುತ್ತಾನೆ, ನೋಡದೆ ಒಳಗೆ ಬಿಡುವವನೂ ಕೆಡುತ್ತಾನೆ.

ಈಚಿನ ವರ್ಷಗಳಲ್ಲಿ ವ್ರತಿಗಳಾದ ಕೆಲವು ರೋಗಿಗಳ ಮುಂದೆ ಇಂತಹುದೇ ಒಂದು ಸಂದೇಹವು ಬಂದು ನಿಂತಿದೆ. ತಾಳಲಾರದ ನೋವಿಗೆ ವೈದ್ಯರು ‘ವಿಜಯಾ’ ಎಂಬ ಮದ್ದನ್ನು ಬರೆದುಕೊಡುತ್ತಾರೆ. ವಿಜಯಾ ಎಂಬುದು ಸಂಸ್ಕೃತದ ಹೆಸರು. ಹಳ್ಳಿಯ ಮಾತಿನಲ್ಲಿ ಅದೇ ಗಿಡದ ಸೊಪ್ಪು ಭಂಗಿ. ನ್ಯಾಯಾಲಯದ ಭಾಷೆಯಲ್ಲಿ ಅದರ ಹೂವಿನ ತೆನೆ ಗಾಂಜಾ. ಒಂದೇ ಗಿಡಕ್ಕೆ ಔಷಧಾಲಯದಲ್ಲಿ ಮಾನ, ಬೀದಿಯಲ್ಲಿ ಅವಮಾನ, ಠಾಣೆಯಲ್ಲಿ ಅಪರಾಧ. ಮದ್ಯಾದಿಗಳನ್ನು ಗುರುಸಾಕ್ಷಿಯಾಗಿ ಬಿಟ್ಟ ಶ್ರಾವಕನು ಇದನ್ನು ಸೇವಿಸಬಹುದೆ? ಸೇವಿಸಿದರೆ ವ್ರತವು ಉಳಿಯುವುದೆ?

ವಿಷಯವು ಸ್ಪಷ್ಟವಾಗಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ತುಂಗಭದ್ರೆಯ ದಡದ ಮೈಲಾರದ ಸೀಮೆ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ನಾಡು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಗೆ ಸೇರಿದ ಪ್ರದೇಶ. ಭರತ ಹುಣ್ಣಿಮೆಯ ಕಾಲಕ್ಕೆ ಮೈಲಾರಲಿಂಗನ ಕಾರಣಿಕವನ್ನು ಕೇಳಲು ಲಕ್ಷಾಂತರ ಜನರು ನೆರೆಯುವ ಈ ಸೀಮೆಯಲ್ಲಿ ಜೈನರ ಮನೆಗಳು ವಿರಳ. ಆದರೆ ಧರ್ಮದ ಬೇರು ಇಲ್ಲಿ ಹೊಸದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಪಾರ್ಶ್ವನಾಥ ಬಸದಿಯು ಇಂದಿಗೂ ನಿಂತಿದೆ. ಅದನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು ಹನ್ನೊಂದನೆಯ ಶತಮಾನದ ಶಾಸನವು ನೆನೆಯುತ್ತದೆ. ಇಂತಹ ನಾಡಿನಲ್ಲಿ ಅರುವತ್ತೆಂಟು ವರ್ಷದ ಒಬ್ಬ ಶ್ರಾವಕನಿದ್ದಾನೆ ಎನ್ನೋಣ. ಬಟ್ಟೆಯ ಅಂಗಡಿ, ನಿತ್ಯ ದೇವದರ್ಶನ, ಯೌವನದಲ್ಲಿಯೇ ಮುನಿಗಳ ಸನ್ನಿಧಿಯಲ್ಲಿ ಸ್ವೀಕರಿಸಿದ ಅಷ್ಟಮೂಲಗುಣ, ರಾತ್ರಿಭೋಜನತ್ಯಾಗ, ಅಷ್ಟಮಿ ಚತುರ್ದಶಿಗಳ ಉಪವಾಸ. ಅರ್ಬುದರೋಗಕ್ಕೆ ಚಿಕಿತ್ಸೆಯಾಗಿ ಗಂಟೇನೋ ಹೋಯಿತು. ಆದರೆ ಚಿಕಿತ್ಸೆಯ ಕಠೋರ ಔಷಧಗಳಿಂದ ಕೈಕಾಲುಗಳ ನರಗಳು ಕೆಟ್ಟು, ಅಂಗಾಲುಗಳಲ್ಲಿ ಕೆಂಡವಿಟ್ಟಂತಹ ಉರಿಯು ಉಳಿಯಿತು. ಹೊದ್ದ ಬಟ್ಟೆ ತಗುಲಿದರೂ ಸಹಿಸಲಾಗದು. ಬೇರೆ ಗುಳಿಗೆಗಳು ಫಲಿಸದಿರಲು, ಬೆಂಗಳೂರಿನಲ್ಲಿ ಒಬ್ಬ ಆಯುರ್ವೇದ ವೈದ್ಯರು ಕಾಗದಪತ್ರಗಳನ್ನೆಲ್ಲ ನೋಡಿ, ಹೆಸರು, ವಯಸ್ಸು, ರೋಗಗಳನ್ನು ದಾಖಲೆಯ ಪುಸ್ತಕದಲ್ಲಿ ಬರೆದುಕೊಂಡು, ವಿಜಯಾ ಎಣ್ಣೆಯ ಸಣ್ಣ ಸೀಸೆಯನ್ನು ಬರೆದುಕೊಟ್ಟರು. ಊರಿಗೆ ಬಂದ ಶ್ರಾವಕನು ಸೀಸೆಯನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ಅಡಗಿಸಿಟ್ಟನು. ಅಂದಿನಿಂದ ಅವನಿಗೆ ಅಂಗಾಲಿನ ಉರಿಯ ಜೊತೆಗೆ ಮನಸ್ಸಿನ ಉರಿಯೂ ಸೇರಿತು.

ಅವನ ಶಂಕೆಗಳು ಐದು. ವ್ರತಭಂಗವಾಗುವುದೆ? ಪುಸ್ತಕದಲ್ಲಿ ಹೆಸರು ಬಿದ್ದುದರಿಂದ ತಾನು ಕಳಂಕಿತನಾದೆನೆ? ಇದು ಚಟವಾಗಿ ಬೆಳೆಯುವುದೆ? ಉಪವಾಸಕ್ಕೂ ರಾತ್ರಿಯ ನಿಯಮಕ್ಕೂ ಇದನ್ನು ಹೊಂದಿಸುವುದು ಹೇಗೆ? ಕೊನೆಯ ಗಳಿಗೆಯಲ್ಲಿ ಮನಸ್ಸು ಮಬ್ಬಾಗಿದ್ದರೆ ಗತಿಯೇನು? ಇವು ಹಗುರವಾದ ಪ್ರಶ್ನೆಗಳಲ್ಲ. ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲನೆಯ ಶಂಕೆ: ವ್ರತಭಂಗ

ಮದ್ಯವನ್ನು ಏಕೆ ಬಿಡಬೇಕು ಎಂಬುದಕ್ಕೆ ಆಚಾರ್ಯರು ಕಾರಣವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮಧು ಮಾಂಸಗಳನ್ನು ತ್ರಸಜೀವಿಗಳ ಹಿಂಸೆಯನ್ನು ತಪ್ಪಿಸುವುದಕ್ಕಾಗಿಯೂ, ಮದ್ಯವನ್ನು ಪ್ರಮಾದವನ್ನು ತಪ್ಪಿಸುವುದಕ್ಕಾಗಿಯೂ ವರ್ಜಿಸಬೇಕೆನ್ನುತ್ತಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಸರಪಳಿಯನ್ನು ಇನ್ನೂ ಬಿಡಿಸಿ ತೋರಿಸುತ್ತಾರೆ: ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮವನ್ನು ಮರೆತವನು ಅಂಜಿಕೆಯಿಲ್ಲದೆ ಹಿಂಸೆಗೆ ತೊಡಗುತ್ತಾನೆ. ಶ್ರಾವಕನು ಬಿಡಬೇಕಾದ ಅಭಕ್ಷ್ಯಗಳನ್ನು ತ್ರಸಘಾತ, ಬಹುಘಾತ, ಪ್ರಮಾದಕಾರಕ, ಅನಿಷ್ಟ, ಅನುಪಸೇವ್ಯ ಎಂದು ಐದು ವಿಧವಾಗಿ ವಿಂಗಡಿಸುವ ಪದ್ಧತಿಯುಂಟು. ಭಂಗಿ, ಗಾಂಜಾ, ಅಫೀಮುಗಳನ್ನು ಹಿರಿಯರು ಸೇರಿಸುವುದು ಇವುಗಳಲ್ಲಿ ಮೂರನೆಯದಾದ ಪ್ರಮಾದಕಾರಕಗಳ ಸಾಲಿಗೆ.

ಆದುದರಿಂದ ‘ಇದು ಸೊಪ್ಪು, ಹೆಂಡವಲ್ಲ, ವ್ರತಕ್ಕೆ ಸಂಬಂಧವಿಲ್ಲ’ ಎಂದು ಜಾರಿಕೊಳ್ಳುವುದು ಸಲ್ಲದು. ವೈದ್ಯರು ಬರೆದುಕೊಟ್ಟರೆಂಬ ಮಾತ್ರಕ್ಕೆ ವಸ್ತುವಿನ ಸ್ವಭಾವವೂ ಬದಲಾಗುವುದಿಲ್ಲ. ಚೀಟಿಯು ಕಾನೂನಿನ ಪ್ರಶ್ನೆಗೆ ಉತ್ತರ. ವ್ರತದ ಪ್ರಶ್ನೆಯು ಬೇರೆ. ಆದರೆ ಅದೇ ಕಾರಣದಿಂದ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ದೋಷವು ಪ್ರಮಾದದಲ್ಲಿದೆಯೆಂದ ಮೇಲೆ, ವಸ್ತುವಿನ ಹೆಸರನ್ನು ಕೇಳಿದೊಡನೆ ತೀರ್ಪು ಹೇಳುವಂತಿಲ್ಲ; ಆ ಪ್ರಮಾಣದಲ್ಲಿ, ಆ ರೋಗಿಯಲ್ಲಿ ಅದು ಪ್ರಮಾದವನ್ನು ತರುವುದೋ ಇಲ್ಲವೋ ಎಂದು ನೋಡಬೇಕು.

ಇಲ್ಲಿ ವೈದ್ಯಶಾಸ್ತ್ರದ ಮಾತನ್ನು ಕೇಳುವುದು ಅವಶ್ಯ. ಶಾರ್ಙ್ಗಧರ ಸಂಹಿತೆಯು ಬುದ್ಧಿಯನ್ನು ಲೋಪಗೊಳಿಸುವ ದ್ರವ್ಯವನ್ನು ಮದಕಾರಿಯೆಂದು ಕರೆದು ಅದಕ್ಕೆ ಸುರೆಯನ್ನು ಉದಾಹರಿಸುತ್ತದೆ. ಭಂಗಿಯನ್ನೂ ಅಫೀಮನ್ನೂ ವ್ಯವಾಯಿ, ಎಂದರೆ ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಗಳೆಂದು ಹೇಳುತ್ತದೆ. ಇಂದಿನ ವಿಜ್ಞಾನವು ಗಿಡದೊಳಗಿನ ಅಂಶಗಳನ್ನೇ ಬೇರ್ಪಡಿಸಿದೆ. ಟಿ.ಎಚ್.ಸಿ. ಎಂಬುದು ಮತ್ತನ್ನು ತರುವ ಅಂಶ, ಸಿ.ಬಿ.ಡಿ. ಎಂಬುದು ಮತ್ತನ್ನು ತಾರದ ಅಂಶ. ಎರಡನೆಯದರಿಂದ ಮಾಡಿದ ಒಂದು ಔಷಧಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಳೆಯರನ್ನು ಕಾಡುವ ಎರಡು ಬಗೆಯ ಉಗ್ರ ಅಪಸ್ಮಾರಗಳಿಗಾಗಿ ಅನುಮತಿಯನ್ನಿತ್ತಿತು. ಅರ್ಬುದ ಚಿಕಿತ್ಸೆಯ ವಾಂತಿ, ನರಗಳ ನೋವು, ಕೆಲವು ನರರೋಗಗಳಲ್ಲಿ ಬರುವ ಸ್ನಾಯುಗಳ ಬಿಗಿತ ಇವುಗಳಲ್ಲಿ ಈ ಗಿಡದ ಅಂಶಗಳು ಕೆಲವರಿಗೆ ಉಪಶಮನವನ್ನು ಕೊಡುತ್ತವೆ. ಎಲ್ಲರಿಗೂ ಕೊಡುವುದಿಲ್ಲ, ಕೊಟ್ಟರೂ ಅದು ಸಾಧಾರಣ ಮಟ್ಟದ್ದು. ಇದು ಅರ್ಬುದವನ್ನೇ ಗುಣಪಡಿಸುವುದೆಂದು ಹೇಳುವವನು ಮೋಸಗಾರ. ತಲೆಸುತ್ತು, ತೂಕಡಿಕೆ, ಬಾಯಾರಿಕೆ, ಎದೆಬಡಿತ, ಮುದುಕರು ಎಡವಿ ಬೀಳುವುದು ಇವು ಇದರ ಕೂಡೆ ಬರುವ ತೊಂದರೆಗಳು.

ಹೀಗಿರುವಲ್ಲಿ ಒಬ್ಬನು ಕೇಳಬಹುದು: ಸಂಶಯವಿರುವ ಮದ್ದನ್ನು ಬಿಟ್ಟು ನೋವನ್ನೇ ಸಹಿಸಿದರೆ ಆಗದೆ? ಪರೀಷಹಜಯವು ಶ್ರೇಷ್ಠವಲ್ಲವೆ? ಶ್ರೇಷ್ಠವೇ ಸರಿ, ಸಹಿಸಬಲ್ಲವನಿಗೆ. ಆದರೆ ತತ್ತ್ವಾರ್ಥಸೂತ್ರದಲ್ಲಿ ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯೂ ಒಂದೆಂದು ಎಣಿಸಿದೆ ಎಂಬುದನ್ನು ಮರೆಯಬಾರದು. ಹಗಲಿರುಳೂ ‘ಈ ಉರಿ ಯಾವಾಗ ಹೋದೀತು’ ಎಂದು ಅದರಲ್ಲಿಯೇ ಚಿತ್ತವನ್ನು ನೆಟ್ಟವನು ಹೊರಗಿನಿಂದ ತಪಸ್ವಿಯಂತೆ ಕಂಡರೂ ಒಳಗೆ ಆರ್ತಧ್ಯಾನಿಯೇ. ಮತ್ತು ಎಚ್ಚರವನ್ನು ಕದಿಯುವ ಕಳ್ಳನಾದರೆ, ಮಿತಿಮೀರಿದ ನೋವೂ ಅದೇ ಎಚ್ಚರವನ್ನು ಕದಿಯುವ ಇನ್ನೊಬ್ಬ ಕಳ್ಳ. ಒಬ್ಬನಿಗೆ ಹೆದರಿ ಇನ್ನೊಬ್ಬನಿಗೆ ಕೀಲಿಕೈಯನ್ನು ಕೊಡುವುದು ವಿವೇಕವಲ್ಲ.

ಅಳೆಯುವ ತಕ್ಕಡಿ ಯಾವುದು?

ಇಬ್ಬರು ಕಳ್ಳರ ನಡುವೆ ಸಿಕ್ಕವನಿಗೆ ಒಂದು ಅಳತೆಯು ಬೇಕು. ಅದು ಶ್ರಾವಕನ ಮನೆಯಲ್ಲಿಯೇ ಇದೆ: ಸಾಮಾಯಿಕ. ಒಂದು ಮುಹೂರ್ತ, ಎಂದರೆ ನಾಲ್ವತ್ತೆಂಟು ನಿಮಿಷ, ಸಮಭಾವದಿಂದ ಕುಳಿತುಕೊಳ್ಳುವ ಈ ಸಾಧನೆಯು ಮನಸ್ಸಿನ ಎಚ್ಚರವನ್ನು ತೂಗುವ ತಕ್ಕಡಿ. ಮದ್ದಿಲ್ಲದ ದಿನ ನೋವಿನಿಂದ ಹತ್ತು ನಿಮಿಷವೂ ಕೂರಲಾಗದವನು ಮದ್ದು ತೆಗೆದುಕೊಂಡ ದಿನ ಪೂರ್ಣ ಮುಹೂರ್ತ ಕುಳಿತು ಪಂಚನಮಸ್ಕಾರವನ್ನು ತಪ್ಪಿಲ್ಲದೆ ಜಪಿಸಿದನಾದರೆ ಆ ಪ್ರಮಾಣವು ಅವನಿಗೆ ಮದ್ದು. ನೋವು ಮರೆತುಹೋಗಿ, ಅದರೊಡನೆ ಜಪದ ಎಣಿಕೆಯೂ ಮರೆತುಹೋಗಿ, ತಲೆ ವಾಲಿ, ಸುಮ್ಮನೆ ನಗು ಬರತೊಡಗಿದರೆ ಆ ಪ್ರಮಾಣವು ಮತ್ತು. ಅದೇ ಸೀಸೆ, ಅದೇ ಎಣ್ಣೆ. ಮೂರು ಹನಿಗಳಲ್ಲಿ ಮದ್ದಾದುದು ಎಂಟು ಹನಿಗಳಲ್ಲಿ ಮತ್ತಾಗಬಹುದು. ಆ ಗಡಿಯು ಇರುವ ಸ್ಥಳವನ್ನು ಚೀಟಿಯು ಕರಾರುವಾಕ್ಕಾಗಿ ಹೇಳಲಾರದು; ಪ್ರಾಮಾಣಿಕನಾದ ರೋಗಿಯೇ ಅದನ್ನು ಕಂಡು ವೈದ್ಯನಿಗೆ ತಿಳಿಸಬೇಕು.

ಇದಕ್ಕಾಗಿ ಒಂದು ನೋಟುಪುಸ್ತಕವನ್ನು ಇಡುವುದು ಲೇಸು. ನಾಲ್ಕು ಗೆರೆಗಳನ್ನು ಎಳೆದು ಹೊತ್ತು, ಹನಿಗಳ ಸಂಖ್ಯೆ, ನೋವಿನ ತೀವ್ರತೆ, ಅಂದಿನ ಸಾಮಾಯಿಕದ ಸ್ಥಿತಿ ಇಷ್ಟನ್ನು ದಿನವೂ ಬರೆಯಬೇಕು. ವೈದ್ಯನಿಗೆ ಅದು ರೋಗದ ದಾಖಲೆ. ವ್ರತಿಗೆ ಅದು ಆಲೋಚನೆಯ ದಾಖಲೆ.

ಎರಡನೆಯ ಶಂಕೆ: ಹೆಸರು ಬಿದ್ದ ಪುಸ್ತಕ

ಪೇಟೆಯ ಬೀದಿಯಲ್ಲಿ ನಾಲ್ವತ್ತು ವರ್ಷ ಮರ್ಯಾದೆಯಿಂದ ಬಾಳಿದವನಿಗೆ ‘ಭಂಗಿಯವನು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಪ್ರಾಣವೇ ಹೋದಂತಾಗುವುದು ಸಹಜ. ಆದರೆ ಈ ದಾಖಲೆ ಎಂತಹುದೆಂಬುದನ್ನು ತಿಳಿಯಬೇಕು.

ಭಾರತದಲ್ಲಿ 1985ರ ಮಾದಕದ್ರವ್ಯ ಕಾಯಿದೆಯು ಗಾಂಜಾ ಚರಸ್‌ಗಳನ್ನು ನಿಷೇಧಿಸಿದರೂ, ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ನಿಯಮಗಳ ಒಳಗೆ ಅವಕಾಶವನ್ನು ಉಳಿಸಿದೆ. ಕಾಯಿದೆಯಲ್ಲಿ ಗಾಂಜಾ ಎಂದರೆ ಹೂ ಕಾಯಿಗಳ ತೆನೆ. ತೆನೆಯೊಡನೆ ಇಲ್ಲದ ಬರಿಯ ಎಲೆ ಮತ್ತು ಬೀಜಗಳು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಒಂದು ಜಾಮೀನಿನ ಆದೇಶದಲ್ಲಿ ಭಂಗಿಯು ಈ ಕಾಯಿದೆಯ ನಿಷೇಧಕ್ಕೆ ಒಳಪಡುವುದಿಲ್ಲವೆಂಬ ಅಭಿಪ್ರಾಯವನ್ನು ತಳೆಯಿತು. ಔಷಧ ನಿಯಮಗಳಲ್ಲಿ ಈ ಗಿಡವು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಆದುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆಯನ್ನು ಸೀಸೆಯ ಮೇಲೆ ಮುದ್ರಿಸಬೇಕು. 2020ರಲ್ಲಿ ಬೆಂಗಳೂರಿನಲ್ಲಿ ಇಂತಹ ಚಿಕಿತ್ಸೆಗೆಂದೇ ಒಂದು ಚಿಕಿತ್ಸಾಲಯವು ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ಈ ಗಿಡವನ್ನು ಅತ್ಯಂತ ಅಪಾಯಕಾರಿ ದ್ರವ್ಯಗಳ ಪಟ್ಟಿಯಿಂದ ತೆಗೆಯಲು 27 ಮತಗಳಿಗೆ 25ರಂತೆ ನಿರ್ಣಯಿಸಿದಾಗ ಭಾರತವು ತೆಗೆಯುವ ಪರವಾಗಿ ಮತವಿತ್ತಿತು.

ಹಾಗಾದರೆ ಪುಸ್ತಕದಲ್ಲಿ ಹೆಸರು ಬೀಳುವುದು ಅಪರಾಧಿಗಳ ಪಟ್ಟಿಗೆ ಸೇರುವುದಲ್ಲ. ವ್ರತದ ದೃಷ್ಟಿಯಿಂದ ನೋಡಿದರೆ ಅದು ಒಂದು ರಕ್ಷೆಯೇ ಸರಿ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಒಂದು. ಪ್ರತಿರೂಪಕ ವ್ಯವಹಾರ, ಎಂದರೆ ಕಲಬೆರಕೆಯ ಸರಕು, ಇನ್ನೊಂದು. ನಾಚಿಕೆಗೆ ಅಂಜಿ ಸಂತೆಯ ಮರೆಯಲ್ಲಿ ಗುಟ್ಟಾಗಿ ಪೊಟ್ಟಣವನ್ನು ಕೊಳ್ಳುವವನು ಈ ಅತಿಚಾರಕ್ಕೂ ಗುರಿಯಾಗಿ, ಕಲಬೆರಕೆಯ ವಿಷಕ್ಕೂ ಗುರಿಯಾಗುತ್ತಾನೆ. ಹೆಸರು ಹೇಳಿ, ಚೀಟಿ ತೋರಿಸಿ, ರಸೀದಿ ಪಡೆದು ಕೊಳ್ಳುವವನು ವ್ರತವನ್ನು ಕಾಯುತ್ತಾನೆ. ಮಿಕ್ಕ ಎಣ್ಣೆಯನ್ನು ನೆರೆಯವನ ಮಂಡಿನೋವಿಗೆ ‘ನೋಡಿ, ನನಗೆ ಹಿಡಿಯಿತು’ ಎಂದು ಹಂಚುವುದಂತೂ ಎಂದಿಗೂ ಕೂಡದು. ವಿಷ, ಶಸ್ತ್ರಾದಿಗಳನ್ನು ಪರರಿಗೆ ಕೊಡುವುದನ್ನು ಆಚಾರ್ಯರು ಹಿಂಸಾದಾನವೆಂಬ ಅನರ್ಥದಂಡವೆಂದು ಹೇಳಿದ್ದಾರೆ.

ಪರದೇಶದಲ್ಲಿರುವ ಕನ್ನಡ ಮನೆಗಳ ಮಾತು ಸ್ವಲ್ಪ ಬೇರೆ. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತದಾರರು ಅನುಮೋದಿಸಿದ ಮೇಲೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ಇಂತಹ ರೋಗಿಗಳಿಗೆ ಸರಕಾರವೇ ನೋಂದಣಿ ಚೀಟಿಯನ್ನು ಕೊಡುವ ಪದ್ಧತಿಯು ಬೆಳೆಯಿತು. ಆದರೆ ರಾಜ್ಯದ ಒಪ್ಪಿಗೆಯು ಒಕ್ಕೂಟದ ಒಪ್ಪಿಗೆಯಲ್ಲ. ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾದ ಸಂಪರ್ಕವು ಪೌರತ್ವವನ್ನು ಬೇಡುವವನ ಸಚ್ಚಾರಿತ್ರ್ಯಕ್ಕೆ ಅಡ್ಡಿಯಾಗಬಹುದೆಂದು ಅಲ್ಲಿಯ ವಲಸೆ ಇಲಾಖೆಯು 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಮಗನ ಮನೆಗೆಂದು ಹೋದ ತಂದೆತಾಯಿಗಳು ಅಲ್ಲಿಯ ಅಂಗಡಿಯ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆ ತರುವುದೂ, ಇಲ್ಲಿಯದನ್ನು ಅಲ್ಲಿಗೆ ಒಯ್ಯುವುದೂ ಗಡಿಯಲ್ಲಿ ದೊಡ್ಡ ಅಪರಾಧವಾಗುತ್ತದೆ. ಒಂದು ನೆಲದ ಅನುಮತಿಯು ಇನ್ನೊಂದು ನೆಲದಲ್ಲಿ ನಡೆಯದು.

ಇನ್ನು ಜನಾಪವಾದದ ಮಾತು. ಇದೇ ಶ್ರಾವಕನಿಗೆ ಆಸ್ಪತ್ರೆಯಲ್ಲಿ ಅಫೀಮಿನಿಂದಲೇ ಬರುವ ಮಾರ್ಫೀನನ್ನು ಚುಚ್ಚಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವನಿಗೂ ಶಂಕೆಯು ಬರುತ್ತಿರಲಿಲ್ಲ. ನೋವಿನ ರೋಗಿಗಳಿಗೆ ಸುಲಭವಾಗಿ ದೊರೆಯಲೆಂದು 2014ರ ತಿದ್ದುಪಡಿಯ ಮೂಲಕ ‘ಅವಶ್ಯಕ ಮಾದಕೌಷಧ’ಗಳೆಂಬ ವರ್ಗವನ್ನೇ ಮಾಡಿ, ಮಾರ್ಫೀನನ್ನೂ ಸೇರಿಸಿ ಆರು ಔಷಧಗಳನ್ನು ಅದರಲ್ಲಿ ಇರಿಸಲಾಗಿದೆ. ಬಲವರ್ಧಕವೆಂದು ಅನೇಕರು ಕುಡಿಯುವ ಆಸವ ಅರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ. ಅದನ್ನು ವಿಚಾರಿಸುವವರು ಕಡಿಮೆ. ಹಲವು ಗುಳಿಗೆಗಳ ಹೊರಕವಚವಾದ ಜೆಲಟಿನ್ ಪ್ರಾಣಿಗಳ ಎಲುಬು ಚರ್ಮಗಳಿಂದ ಬರುತ್ತದೆ. ಅದನ್ನು ನುಂಗುವಾಗ ವ್ರತದ ನೆನಪಾಗದವನು ಸೊಪ್ಪಿನ ಹೆಸರಿಗೆ ಬೆದರುವುದು ವಿಚಿತ್ರ. ಹೆಸರಿಗೆ ಅಂಜುವುದು ಲೋಕಭೀತಿ. ದೋಷಕ್ಕೆ ಅಂಜುವುದು ಪಾಪಭೀತಿ. ವ್ರತಿಗೆ ಬೇಕಾದುದು ಎರಡನೆಯದು.

ಈ ವಿಚಾರದಲ್ಲಿ ಕರ್ನಾಟಕದ ಜೈನ ವೈದ್ಯರು ಹಾಕಿಕೊಟ್ಟ ದಾರಿಯು ಹಿರಿದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ಬೋಧಿಸಿದರು. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಗಳನ್ನೂ ಅವುಗಳ ಪರಿಹಾರವನ್ನೂ ಕನ್ನಡದಲ್ಲಿ ವಿವರಿಸಿದನು. ಇವರು ವ್ರತಕ್ಕಾಗಿ ವೈದ್ಯವನ್ನು ಬಿಡಲಿಲ್ಲ, ವೈದ್ಯಕ್ಕಾಗಿ ವ್ರತವನ್ನೂ ಬಿಡಲಿಲ್ಲ. ಆದುದರಿಂದ ವ್ರತಿಯು ಮೊದಲು ವೈದ್ಯನನ್ನು ಕೇಳಬೇಕು: ಇದಕ್ಕೆ ಬದಲಾಗಿ ಬೇರೊಂದು ನಿರ್ದೋಷವಾದ ಮದ್ದು ಉಂಟೆ? ಉಂಟಾದರೆ ಅದೇ ಗ್ರಾಹ್ಯ. ಇಲ್ಲವಾದರೆ ಮತ್ತಿನ ಅಂಶವು ಅತ್ಯಲ್ಪವಾದುದನ್ನು, ಜೆಲಟಿನ್ ಇಲ್ಲದುದನ್ನು, ಎಳ್ಳೆಣ್ಣೆ ಕೊಬ್ಬರಿಎಣ್ಣೆಗಳಲ್ಲಿ ಬೆರೆಸಿದುದನ್ನು ಕೇಳಿ ಪಡೆಯಬೇಕು. ಹೊಗೆಯಾಗಿ ಸೇದುವುದು ಯಾವ ಕಾರಣಕ್ಕೂ ಬೇಡ.

ಮೂರನೆಯ ಶಂಕೆ: ಚಟವಾದೀತೆ?

ಇದು ಎಲ್ಲಕ್ಕಿಂತ ಆರೋಗ್ಯಕರವಾದ ಭಯ. ಈ ಭಯವು ಇರುವವರೆಗೆ ಮನುಷ್ಯನು ಸುರಕ್ಷಿತ. ಅದು ಹೋದ ದಿನವೇ ಅಪಾಯ. ವ್ರತವು ಕೆಡುವ ಕ್ರಮವನ್ನು ಶಾಸ್ತ್ರವು ನಾಲ್ಕು ಮೆಟ್ಟಿಲುಗಳಾಗಿ ಹೇಳಿದೆ. ಮನಸ್ಸಿನ ಶುದ್ಧಿಯು ಕುಂದುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ತೊಡಗುವುದು ಅತಿಚಾರ. ಅದರಲ್ಲಿ ಅತ್ಯಾಸಕ್ತನಾಗುವುದು ಅನಾಚಾರ.

ಈ ಮೆಟ್ಟಿಲುಗಳನ್ನು ಸೀಸೆಯ ಪಕ್ಕದಲ್ಲಿಟ್ಟು ನೋಡಬೇಕು. ನೋವು ಕಡಮೆಯಾಗುವುದೆಂಬುದಕ್ಕಿಂತ ಮದ್ದಿನ ಹೊತ್ತು ಬರುವುದೆಂಬುದರಲ್ಲಿಯೇ ಒಂದು ಸುಖವು ತೋರತೊಡಗಿದರೆ ಅದು ಅತಿಕ್ರಮ. ‘ಇಂದು ಆಯಾಸವಾಗಿದೆ, ಒಂದು ಹನಿ ಹೆಚ್ಚಾದರೇನು’ ಎಂದು ಕೈಯು ಚೀಟಿಯ ಗೆರೆಯನ್ನು ದಾಟಿದರೆ ವ್ಯತಿಕ್ರಮ. ನೋವಿಲ್ಲದ ದಿನವೂ ನಿದ್ದೆಗೆಂದೋ ಬೇಸರಕ್ಕೆಂದೋ ಸೇವಿಸಿದರೆ ಅತಿಚಾರ. ಅದಿಲ್ಲದೆ ದಿನ ಕಳೆಯದೆಂದಾಗಿ, ಮನೆಯವರಿಗೆ ಸುಳ್ಳು ಹೇಳಿ, ಎರಡನೆಯ ವೈದ್ಯನಿಂದ ಎರಡನೆಯ ಚೀಟಿಯನ್ನು ತಂದರೆ ಅನಾಚಾರ. ಮೊದಲ ಮೆಟ್ಟಿಲಲ್ಲಿಯೇ ಗುರುತಿಸಿದವನಿಗೆ ಹಿಂದಿರುಗುವುದು ಸುಲಭ. ಮಗುವನ್ನು ಹೊತ್ತಿಗೆ ಮುಂಚೆಯೇ ಶಾಲೆಯಿಂದ ಕರೆತಂದಂತೆ ಮನಸ್ಸನ್ನು ಬೀದಿಗೆ ಬೀಳುವ ಮೊದಲೇ ಕರೆತರಬೇಕು.

ಅದಕ್ಕೆ ಉಪಾಯವಾಗಿ ಸಮಂತಭದ್ರಾಚಾರ್ಯರ ಯಮ ನಿಯಮಗಳ ವಿಭಾಗವನ್ನು ನೆನೆಯಬಹುದು. ಜೀವವಿರುವತನಕ ಪಾಲಿಸುವುದು ಯಮ. ಕಾಲದ ಮಿತಿಯಿಟ್ಟು ಪಾಲಿಸುವುದು ನಿಯಮ. ಮದ್ಯತ್ಯಾಗವು ಯಮವಾಗಿಯೇ ಇರಲಿ. ಮದ್ದಿಗೆ ಮಾತ್ರ ಒಂದು ನಿಯಮವನ್ನು ಕಟ್ಟಬೇಕು: ಇಷ್ಟೇ ಹನಿ, ಈ ಹೊತ್ತಿನಲ್ಲಿಯೇ, ಈ ರೋಗಕ್ಕೆ ಮಾತ್ರ, ಇಂದಿನಿಂದ ಒಂದು ತಿಂಗಳು. ತಿಂಗಳು ತುಂಬಿದಾಗ ನೋಟುಪುಸ್ತಕವನ್ನು ತೆರೆದು, ಫಲವು ಕಂಡಿಲ್ಲದಿದ್ದರೆ ವೈದ್ಯನಿಗೆ ಹೇಳಿ ನಿಲ್ಲಿಸಬೇಕು. ಕಂಡಿದ್ದರೆ ಹೊಸದಾಗಿ ನಿಯಮವನ್ನು ಕಟ್ಟಬೇಕು. ಮಿತಿಯಿಲ್ಲದೆ ಮುಂದುವರಿಯುವುದು ಒಳ್ಳೆಯ ಮದ್ದಿಗೂ ತಕ್ಕುದಲ್ಲ. ರಕ್ತವನ್ನು ತೆಳುಮಾಡುವಂತಹ ಬೇರೆ ಗುಳಿಗೆಗಳಿದ್ದರೆ ಅವನ್ನು ವೈದ್ಯನಿಗೆ ಮುಚ್ಚಿಡಬಾರದು. ಅವುಗಳೊಡನೆ ಇದು ಸೇರಿ ಕೇಡಾಗಬಹುದು. ಮದ್ದು ಸೇವಿಸಿದ ಹೊತ್ತಿನಲ್ಲಿ ಮೋಟಾರು ವಾಹನವನ್ನು ನಡೆಸಬಾರದು. ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ಸೂತ್ರಕಾರರು ಹೇಳಿರುವಾಗ, ಮಬ್ಬಾದ ಕಣ್ಣಿನಿಂದ ರಸ್ತೆಗಿಳಿಯುವವನಿಗೆ ಚೀಟಿಯು ರಕ್ಷೆಯಾಗದು.

ನಾಲ್ಕನೆಯ ಶಂಕೆ: ಉಪವಾಸ ಮತ್ತು ರಾತ್ರಿ

ಉರಿಯು ಹೆಚ್ಚುವುದು ರಾತ್ರಿಯಲ್ಲಿ. ವೈದ್ಯರು ಬರೆಯುವುದೂ ಮಲಗುವ ಹೊತ್ತಿಗೇ. ರಾತ್ರಿಭೋಜನತ್ಯಾಗಿಯು ಇಲ್ಲಿ ತೊಡಕಿಗೆ ಸಿಕ್ಕುತ್ತಾನೆ. ಆದರೆ ಈ ತೊಡಕನ್ನು ಬಾಯಿಬಿಟ್ಟು ಹೇಳಿದರೆ ಬಹುಮಟ್ಟಿಗೆ ಬಿಡಿಸಬಹುದು. ನುಂಗಿದ ಮದ್ದು ಕೆಲಸ ಮಾಡಲು ಒಂದೆರಡು ಗಂಟೆ ಹಿಡಿದು, ಅನಂತರ ಆರೆಂಟು ಗಂಟೆಗಳವರೆಗೆ ನಿಲ್ಲುತ್ತದೆ. ಸಂಜೆಯ ಊಟದೊಡನೆ ಸೂರ್ಯಾಸ್ತಕ್ಕೆ ಮೊದಲೇ ತೆಗೆದುಕೊಂಡರೆ ರಾತ್ರಿಯ ಹೆಚ್ಚಿನ ಪಾಲು ಕಳೆಯಬಹುದು. ವೈದ್ಯನು ವ್ರತವನ್ನು ಅರಿಯದಿರಬಹುದು; ಅರುಹುವುದು ವ್ರತಿಯ ಕರ್ತವ್ಯ.

ಪರ್ವದಿನಗಳಲ್ಲಿ ಹೆಚ್ಚಿನ ಎಚ್ಚರವು ಬೇಕು. ಬರಿಹೊಟ್ಟೆಯಲ್ಲಿ, ನೀರೂ ಕಡಮೆಯಾಗಿರುವಾಗ ಈ ಮದ್ದು ತಲೆಸುತ್ತನ್ನು ತಂದು ಬೀಳಿಸಬಹುದು. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಹಿಂದೆ ಹತ್ತು ಉಪವಾಸಗಳನ್ನು ಮಾಡಿದವನಿಗೆ ಈಗ ಒಂದೂ ಆಗದಿರುವುದು ದುಃಖವೇ. ಆದರೆ ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೇರಿಸಿರುವುದು ಸುಮ್ಮನೆ ಅಲ್ಲ. ಬಾಹ್ಯತಪಸ್ಸುಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬುವ ಮೊದಲೇ ಏಳುವುದು ಅವಮೌದರ್ಯ. ತುಪ್ಪ, ಹಾಲು, ಸಿಹಿ, ಉಪ್ಪುಗಳಲ್ಲಿ ಒಂದೊಂದನ್ನು ಬಿಡುವುದು ರಸಪರಿತ್ಯಾಗ. ಏಕಾಶನವನ್ನು ಮಾಡಿ, ಆ ಊಟದೊಡನೆ ಮದ್ದನ್ನು ಸೇವಿಸಿದ ರೋಗಿಯು ಉಪವಾಸದ ಸಾಲಿನಿಂದ ಹೊರಗೆ ಬಿದ್ದವನಲ್ಲ. ಶ್ವೇತಾಂಬರ ಸಂಪ್ರದಾಯದ ಪ್ರತ್ಯಾಖ್ಯಾನಗಳಲ್ಲಿಯೂ ತೀವ್ರವೇದನೆಯಿಂದ ಸಮಾಧಿಯು ಕದಡಿದಾಗ ಅದನ್ನು ಕಾಯುವುದಕ್ಕಾಗಿ ಔಷಧವನ್ನು ಸೇವಿಸುವುದನ್ನು ವ್ರತದೊಳಗಿನ ಅಪವಾದವಾಗಿ ಮೊದಲೇ ಉಚ್ಚರಿಸುವ ಕ್ರಮವಿದೆ. ವ್ರತವನ್ನು ವಿಧಿಸಿದವರು ಮನುಷ್ಯನ ಮೈಯನ್ನು ಬಲ್ಲವರಾಗಿದ್ದರು.

ಐದನೆಯ ಶಂಕೆ: ಕೊನೆಯ ಗಳಿಗೆ

ಶ್ರಾವಕನ ಎಲ್ಲ ವ್ರತಗಳ ಕಳಶವು ಸಲ್ಲೇಖನ. ತುಂಗಭದ್ರೆಯ ಆಚೆಗೆ, ಇಂದ���ನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ, ಗಂಗರ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಮಾಧಿಮರಣವನ್ನು ಪಡೆದನು. ಅಂತಹ ನೆನಪುಗಳಿರುವ ನಾಡಿನ ವೃದ್ಧನು ‘ಕಡೆಗಾಲದಲ್ಲಿ ನಮಸ್ಕಾರಮಂತ್ರವು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳದೆ ಹೋದರೆ?’ ಎಂದು ನಡುಗುವುದು ಸಹಜವೇ.

ಆದರೆ ಸಲ್ಲೇಖನದ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರತೀಕಾರವಿಲ್ಲದ ರೋಗವನ್ನು ಹೇಳಿದ್ದಾರೆ. ಪ್ರತೀಕಾರವು ಇರುವವರೆಗೆ ಅದನ್ನು ಮಾಡುವುದು ಧರ್ಮವೇ. ಆ ಕಾಲವು ನಿಜವಾಗಿ ಬಂದಾಗ, ಎಷ್ಟು ನೋವನ್ನು ಉಳಿಸಿಕೊಂಡು ಎಷ್ಟು ಎಚ್ಚರವನ್ನು ಪಡೆಯಬೇಕೆಂಬುದನ್ನು ಗುರುಗಳೂ ವೈದ್ಯರೂ ಮನೆಯವರೂ ಕೂಡಿ ತೂಗಬೇಕು. ಅದಕ್ಕಾಗಿ ಮನಸ್ಸು ತಿಳಿಯಾಗಿರುವ ಇಂದೇ ತನ್ನ ಇಚ್ಛೆಯನ್ನು ಮಕ್ಕಳಿಗೆ ಹೇಳಿಡುವುದು ಒಳ್ಳೆಯದು. ಅಂತ್ಯದ ಎಚ್ಚರವು ಅಂತ್ಯದಲ್ಲಿ ಸಿಕ್ಕುವ ವಸ್ತುವಲ್ಲ. ದಿನದಿನದ ಸಾಮಾಯಿಕದಲ್ಲಿ ಕೂಡಿಟ್ಟ ಗಂಟು ಅದು. ಇಂದಿನ ನೋವನ್ನು ತಗ್ಗಿಸಿ ಇಂದಿನ ಸಾಮಾಯಿಕವನ್ನು ಉಳಿಸುವ ಮದ್ದು ಆ ಗಂಟನ್ನು ಕರಗಿಸುವುದಿಲ್ಲ, ಬೆಳೆಸುತ್ತದೆ.

ಸಮಾಜದ ಹೊಣೆ

ಇಷ್ಟೂ ರೋಗಿಯ ಹೊಣೆಯಾದರೆ, ಅವನ ಸುತ್ತಲಿನವರಿಗೂ ಹೊಣೆಯುಂಟು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಹೊಗಳುವವರು, ಔಷಧದ ಹೆಸರನ್ನು ಕೇಳಿ ರೋಗಿಯನ್ನು ಹಳಿಯಬಾರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯು ರೋಗಿಯ ಬಗೆಗೆ ಹೇಸದಿರುವುದು. ಉಪಗೂಹನವು ಪರರ ಕೊರತೆಯನ್ನು ಬೀದಿಗೆ ತಾರದಿರುವುದು. ಸ್ಥಿತಿಕರಣವು ಅಲುಗಾಡುವವನನ್ನು ಹಿಡಿದು ನಿಲ್ಲಿಸುವುದು. ವಾತ್ಸಲ್ಯವು ಹಸುವು ಕರುವಿಗೆ ತೋರುವಂತಹ ಒಲವು. ಬಸದಿಯ ಜಗುಲಿಯಲ್ಲಿ ಕುಳಿತು ‘ಅವರೂ ಭಂಗಿಗೆ ಬಂದರಂತೆ’ ಎಂದು ನಗುವವನು ತಾನು ಎಂದೂ ಭಂಗಿಯನ್ನು ಮುಟ್ಟದಿದ್ದರೂ ಈ ನಾಲ್ಕು ಅಂಗಗಳನ್ನು ಒಂದೇ ಮಾತಿನಲ್ಲಿ ಕೆಡಿಸಿಕೊಂಡನು. ಹಾಗೆಯೇ ಎಳೆಯರು ‘ಅಜ್ಜನಿಗೆ ಮದ್ದಾದುದು ನಮಗೇಕೆ ಕೆಟ್ಟದ್ದು?’ ಎಂದು ಕೇಳಿದರೆ ಗದರಿಸಿ ಸುಮ್ಮನಾಗಿಸಬಾರದು. ಬೆಳೆಯುವ ಮಿದುಳಿಗೆ ಇದು ಕೇಡನ್ನೂ, ಕೆಲವರಿಗೆ ಚಿತ್ತವಿಕಾರವನ್ನೂ ತರುವುದೆಂಬುದನ್ನು ಬಿಡಿಸಿ ಹೇಳಬೇಕು. ಸೀಸೆಯನ್ನು ಅವರ ಕೈಗೆ ಎಟುಕದಂತೆ ಬೀಗದೊಳಗೆ ಇಡಬೇಕು. ಸೀರೆಗಳ ಹಿಂದೆ ಅಡಗಿಸುವುದಕ್ಕೂ ಬೀಗ ಹಾಕಿಡುವುದಕ್ಕೂ ವ್ಯತ್ಯಾಸವುಂಟು: ಒಂದು ನಾಚಿಕೆ, ಇನ್ನೊಂದು ಜಾಗರೂಕತೆ.

ಎರಡು ದಾರಿಗಳೂ ವ್ರತಿಗೆ ತೆರೆದಿವೆ. ಮದ್ದನ್ನು ಬೇಡವೆಂದು ನೋವನ್ನು ಸಮಭಾವದಿಂದ ಸಹಿಸಬಲ್ಲವನು ಸಹಿಸಲಿ. ಆದರೆ ‘ನಾನು ಸಹಿಸಿದೆನು, ಅವನು ಸಹಿಸಲಿಲ್ಲ’ ಎಂಬ ಮಾನಕಷಾಯವನ್ನು ಬೆಳೆಸದಿರಲಿ. ಮಿತಿಯಲ್ಲಿ ಮದ್ದನ್ನು ಸೇವಿಸುವವನು ಸೇವಿಸಲಿ. ಆದರೆ ಗುರುಗಳ ಮುಂದೆ ಆಲೋಚನೆಯನ್ನು ಮಾಡಿ, ಏನನ್ನೂ ಮರೆಮಾಚದೆ ಹೇಳಿ, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ತಲೆಬಾಗಿ ಸ್ವೀಕರಿಸಲಿ. ಹೇಳಿಕೊಳ್ಳಲು ಅಂಜದ ಹನಿಯು ಬಹುತೇಕ ಮದ್ದೇ ಆಗಿರುತ್ತದೆ; ಹೇಳಿಕೊಳ್ಳಲಾರದ ಹನಿಯಲ್ಲಿ ಮತ್ತು ಆಗಲೇ ಸೇರಿರುತ್ತದೆ.

ವ್ರತವು ಮನುಷ್ಯನನ್ನು ಎಚ್ಚರಿಸಲು ಹುಟ್ಟಿದುದು, ನರಳಿಸಲು ಅಲ್ಲ. ರೋಗಿಗಳಾದ ಎಲ್ಲ ವ್ರತಿಗಳಿಗೂ ನೋವು ಶಮನವಾಗಲಿ, ಎಚ್ಚರವು ಅಳಿಯದಿರಲಿ, ಸಾಮಾಯಿಕವು ನಿರ್ವಿಘ್ನವಾಗಿ ನಡೆಯಲಿ. ಸರ್ವಜೀವಿಗಳಿಗೂ ಕ್ಷೇಮವಾಗಲಿ.